ಇದಕ್ಕೆ ಮೊದಲು ಅದು

ಪರದೆಯ ಮೇಲೆ ಹಳದಿ ತ್ರಿಕೋನ, ಅದರ ನಡುವೆ ಒಂದು ಕರಿ ಗೆರೆ, ತಪ್ಪು ಮಾಡಿದವರನ್ನು ಹೆಸರು ಹಿಡಿದು ಕರೆಯದೆ ಸುಮ್ಮನೆ ದಿಟ್ಟಿಸುವ ಟೀಚರಮ್ಮನ ಹಾಗೆ ನೋಡುತ್ತಿದೆ, ಬೇಕಾದ ಭಾಗವೊಂದು ಈ ಕಂಪ್ಯೂಟರಿನಲ್ಲಿಲ್ಲ, ಮುಂದುವರಿಯಲಾಗದು, ಅಷ್ಟೇ, ಯಾವ ಭಾಗ ಅಂತ ಬಾಯಿ ಬಿಡುತ್ತಿಲ್ಲ — ಇದನ್ನು ಇಲ್ಲಿಗೆ ಕಳಿಸಿದ ಪುಣ್ಯಾತ್ಗಿತ್ತಿ ಯಾರು ಅಂದರೆ ಅವಳೇ, ನಿನ್ನೆ ಹೆಡ್ಡಾಫೀಸಿನ ಕುರ್ಚಿಯಲ್ಲಿ ಕೂತು, ಕಂಪನಿಯ ಶ್ರವಣಯಂತ್ರದ ಅಂಗಡಿಗಳಿಗೆಲ್ಲ ಒಂದೇ ಏಟಿಗೆ ಹೊಸ ತಂತ್ರಾಂಶ ಹಂಚಿ, ಪರದೆಯ ಮೇಲೆ ಸಾಲಾಗಿ ಹಸಿರು ದೀಪ ಹೊತ್ತಿಕೊಂಡದ್ದನ್ನು ಕಂಡು ತನ್ನ ಕೈಗುಣಕ್ಕೆ ತಾನೇ ಬೀಗಿದವಳು. ಹಸಿರು ಅಂದರೆ ತಲುಪಿದೆ ಅಂತ, ತೆರೆಯುತ್ತದೆ ಅಂತಲ್ಲ, ಇದು ನಿನ್ನೆ ಹೊಳೆಯಬಾರದಿತ್ತೇ, ಇವತ್ತೇ ಹೊಳೆಯಬೇಕಿತ್ತೇ, ಸ್ವಂತ ಮಾವನೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕೊರಳಲ್ಲಿ ಕಂಪ್ಯೂಟರಿನ ತಂತಿ ಇಳಿಬಿಟ್ಟುಕೊಂಡು ಈ ಕುರ್ಚಿಯಲ್ಲಿ ಕೂತಿರುವಾಗ. ತಂತ್ರಾಂಶ ತೆರೆದುಕೊಂಡು ಅವರ ಕಿವಿಯ ಅಳತೆಯನ್ನು ಒಳಗಿಳಿಸುವವರೆಗೆ ಆ ಯಂತ್ರ ಬರೀ ಪ್ಲಾಸ್ಟಿಕ್ಕಿನ ಕಾಳು. ಕಿವಿ ಪರೀಕ್ಷಕಿ ಪಿಸುಗುಟ್ಟುತ್ತಾಳೆ, ಬೆಳಿಗ್ಗೆಯಿಂದ ಹೀಗೇ ಮೇಡಂ, ಫೋನ್ ಮಾಡೋಣ ಅಂದ್ಕೊಂಡೆ, ಅಷ್ಟರಲ್ಲಿ ನೀವೇ ಬಂದ್ರಿ. ಬಂದದ್ದು ಸೊಸೆಯಾಗಿ ಕಣಮ್ಮ, ರಜೆ ಹಾಕಿ, ಅಂತ ಹೇಳಬೇಕೆನಿಸಿತು, ಕುರ್ಚಿ ಎಳೆದುಕೊಂಡಳು.

ಯಾವ ಭಾಗ, ಎಲ್ಲ ಅಂಗಡಿಯಲ್ಲೂ ಇದ್ದು ಇಲ್ಲಿ ಮಾತ್ರ ಇಲ್ಲದ್ದು ಏನು, ಬೆರಳುಗಳು ತಾವಾಗಿ ಹುಡುಕುತ್ತಿವೆ, ಬೆನ್ನ ಹಿಂದೆ ಅತ್ತೆ ಶುರುವಿಟ್ಟುಕೊಂಡಿದ್ದಾರೆ, ನೋಡೇ, ಇಷ್ಟು ವರ್ಷ ಇವರು ಬೇಡ ಅಂದ್ರು, ಈಗ ಮಿಷಿನ್ನೇ ಇವರನ್ನ ಬೇಡ ಅಂತಿದೆ, ಹಠ ಅಂದ್ರೆ ಹಠ, ಎಮ್ಮೆಚರ್ಮ — ಮುಖದ ತುಂಬ ನಗು ಇಟ್ಟುಕೊಂಡೇ ಬೈಯುತ್ತಾರೆ, ಎದುರಿಗೆ ಕೂತ ಮಾವ ಆ ನಗುವಿಗೆ ನಗು ಸೇರಿಸಿ ಹೌದೌದು ಅಂತ ತಲೆಯಾಡಿಸುತ್ತಾರೆ, ವರ್ಷಗಳಿಂದ ಆ ಮನೆಯ ಸಂಸಾರ ನಡೆದಿರುವುದೇ ಹೀಗೆ. ಮುದ್ರಣಾಲಯದ ದೊಡ್ಡ ಯಂತ್ರಗಳ ಗದ್ದಲದಲ್ಲಿ ದುಡಿದು ಕಿವಿ ಕಳಕೊಂಡ ಮನುಷ್ಯ, ನನಗೇನಾಗಿದೆ, ಎಲ್ಲ ಕೇಳತ್ತೆ, ನೀವೇ ಸರಿಯಾಗಿ ಮಾತಾಡಲ್ಲ ಅನ್ನುತ್ತಿದ್ದವರು. ಮೊನ್ನೆ ಹಾಸ್ಟೆಲಿನಿಂದ ಮೊಮ್ಮಗಳು ಫೋನ್ ಮಾಡಿ ತಾತಾ ಊಟ ಆಯ್ತಾ ಅಂದರೆ ಬಾಗಿಲ ಹಿಂದೆ ಇದೆ ನೋಡು ಅಂದರು, ಅತ್ತ ಕಡೆ ಹುಡುಗಿ ನಕ್ಕು ನಕ್ಕು ಆಮೇಲೆ ಯಾಕೋ ಸುಮ್ಮನಾದಳು, ಆ ಸುಮ್ಮನಿದ್ದದ್ದು ಮಾತ್ರ ಹೇಗೋ ಇವರಿಗೆ ಕೇಳಿಸಿತು, ಇವತ್ತು ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿಕೊಂಡು ನಿಂತರು, ನಡಿ ಮಗೂ, ಅದೇನು ಸಿಕ್ಕಿಸ್ತಾರೋ ಸಿಕ್ಕಿಸ್ಲಿ. ಇವತ್ತು ಬರಿಗೈಲಿ ಮನೆಗೆ ಹೋದರೆ ಇನ್ನೊಮ್ಮೆ ಈ ಮೆಟ್ಟಿಲು ಹತ್ತುವವರಲ್ಲ, ಅದು ಅತ್ತೆಗೂ ಗೊತ್ತು ಸೊಸೆಗೂ ಗೊತ್ತು. ಅತ್ತೆ ಅವಳ ಭುಜಕ್ಕೆ ಬಾಗಿ, ಅಲ್ವೇ, ಇದು ಸರಿಹೋದ್ರೆ ಇನ್ಮೇಲೆ ನಾನು ಇವರನ್ನ ಬೈಯೋಕೆ ಹಿತ್ತಲಿಗೆ ಹೋಗ್ಬೇಕಾ, ಅನ್ನುತ್ತಾರೆ, ಹೋಗಿ ಅತ್ತೆ, ಅಲ್ಲೇ ಒಂದು ಕುರ್ಚಿ ಹಾಕಿಸಿಕೊಡ್ತೀನಿ — ಆಹಾ, ಸಿಕ್ಕಿತು, ಇದೇ, ಹಳೆಯ ಬಿಲ್ಲಿಂಗ್ ತಂತ್ರಾಂಶ ಜೊತೆಯಲ್ಲಿ ತಂದು ಮೂಲೆಗಿಟ್ಟಿದ್ದ ಒಂದು ಪೂರಕ ಭಾಗ, ಹಳೆಯ ಕಂಪ್ಯೂಟರುಗಳಲ್ಲೆಲ್ಲ ಬಿದ್ದುಕೊಂಡಿದೆ, ಅವಳು ಪರೀಕ್ಷೆ ಮಾಡಿದ್ದೂ ಹಳೆಯದರಲ್ಲೇ. ಈ ಕಂಪ್ಯೂಟರಿಗೆ ಮಾತ್ರ ಬಿಲ್ಲಿಂಗಿನ ಗಂಧಗಾಳಿ ಇಲ್ಲ, ಹಿಂದಿನದರ ಮೇಲೆ ಪರೀಕ್ಷಕಿ ಕಾಫಿ ಚೆಲ್ಲಿದ್ದರಿಂದ ಹೋದ ತಿಂಗಳು ಬಂದದ್ದು, ಮೈಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿಲ್ಲ.

ಭಾಗ ಹಾಕಿದರಾಯಿತಲ್ಲ ಅಂತ ಹಾಕಲು ಹೋದರೆ ಅದರದ್ದೂ ಒಂದು ಮುಖ ಊದಿದೆ, ನನಗಿಂತ ಮೊದಲು ಕಂಪ್ಯೂಟರಿನ ಅಪ್‌ಡೇಟ್ ಆಗಬೇಕು ಅನ್ನುತ್ತದೆ, ಅಪ್‌ಡೇಟ್ ಬರಬೇಕಾದರೆ ಹೆಡ್ಡಾಫೀಸಿನ ಸರ್ವರ್ ಬಿಟ್ಟುಕೊಡಬೇಕು, ಸರ್ವರ್ ಕಾಯುವವನು ಬೀಗಣ್ಣ, ಪಾಸ್‌ವರ್ಡುಗಳ ಮೇಲೆ ಕೂತಿರುತ್ತಾನೆಂದು ಆಫೀಸೆಲ್ಲ ಇಟ್ಟ ಹೆಸರು, ಹಾಗೆ ಕರೆದರೆ ಅವನಿಗೂ ಬೇಸರವಿಲ್ಲ. ಫೋನ್ ಹಚ್ಚಿದಳು, ಬೀಗಣ್ಣ, ಒಂದು ಅಪ್‌ಡೇಟ್ ಈ ಶಾಖೆಗೆ ಬಿಡಪ್ಪ. ಬಿಡ್ತೀನಿ ಮೇಡಂ, ಒಪ್ಪಿಗೆ ಬೇಕು. ಯಾರದು. ನಿಮ್ಮದೇ. ಕೊಟ್ಟೆ. ನೀವು ರಜೆಯಲ್ಲಿದೀರಿ ಮೇಡಂ, ರಜೆಯಲ್ಲಿರೋರ ಒಪ್ಪಿಗೆ ಸಿಸ್ಟಮ್ ತಗೊಳಲ್ಲ, ಆ ನಿಯಮ ಮಾಡಿದ್ದೂ ನೀವೇ. ಸರಿ, ರಜೆ ರದ್ದು ಮಾಡು. ಅದಕ್ಕೆ ಮೊದಲು ಮ್ಯಾನೇಜರ್ ಹೂಂ ಅನ್ನಬೇಕು. ಮ್ಯಾನೇಜರಿಗೆ ಫೋನ್ ಮಾಡಿದರೆ ಅವರು ಊಟಕ್ಕೆ ಕೂತಿದ್ದಾರೆ, ಬಾಯಲ್ಲಿ ತುತ್ತಿಟ್ಟುಕೊಂಡೇ ನಗುತ್ತಾರೆ, ರಜೆ ರದ್ದು ಮಾಡಿ ಅಂತ ನನ್ನ ಸರ್ವೀಸಲ್ಲಿ ಕೇಳಿದ ಮೊದಲನೆಯವರು ನೀವೇ ನೋಡಿ, ಮಾಡಿದೆ, ಹೋಗಿ. ಹಾಗೆ ಅವಳು ಮಾವನ ಪಕ್ಕದಲ್ಲಿ ಕೂತಲ್ಲೇ ಕೆಲಸಕ್ಕೆ ಹಾಜರಾಗಿ, ಒಪ್ಪಿಗೆ ಕೊಟ್ಟು, ಬೀಗ ತೆಗೆಸಿದಳು, ಅಪ್‌ಡೇಟ್ ಇಳಿಯತೊಡಗಿತು, ನೀಲಿ ಪಟ್ಟಿ ಬಸುರಿ ಇರುವೆಯ ಹಾಗೆ ತೆವಳುತ್ತಿದೆ.

ಮಾವ ಎದ್ದು ನಿಂತರು. ತಂತಿ ಬಿಗಿಯಾಯಿತು, ಪರೀಕ್ಷಕಿ ಅಯ್ಯೋ ಎಂದು ಕೈಚಾಚಿದಳು. ಬಾ ಮಗೂ, ಹೋಗೋಣ, ನನ್ನ ಕಿವಿ ಅದಕ್ಕೂ ಬೇಡ್ವಂತೆ. ದನಿಯಲ್ಲಿ ಕೋಪವಿರಲಿಲ್ಲ, ಕಿರುಚಿ ಹೇಳೋಣವೆಂದರೆ ಹೊರಗೆ ಕಾದು ಕೂತವರೆಲ್ಲ ಎದ್ದು ಬಂದಾರು, ಏನೂ ತೋಚದೆ ಪರದೆಯನ್ನೇ ಅವರತ್ತ ತಿರುಗಿಸಿ ತೆವಳುವ ನೀಲಿ ಪಟ್ಟಿಯನ್ನು ಬೆರಳಿಟ್ಟು ತೋರಿಸಿದಳು, ಮೊದಲು ಇದು, ಆಮೇಲೆ ಅದು, ಆಮೇಲೆ ನಿಮ್ಮ ಕಿವಿ. ಮಾವ ಕನ್ನಡಕ ಏರಿಸಿಕೊಂಡು ಬಾಗಿ ನೋಡಿದರು. ಓ, ಶಾಯಿ ಬರೋಕೆ ಮುಂಚೆ ಕಾಗದ ಬಿಟ್ಬಿಟ್ಟಿದೀರಿ. ಹೂಂ ಮಾವ, ಬಿಟ್ಬಿಟ್ಟಿದೀವಿ. ಹಾಗಾದ್ರೆ ಕೂತ್ಕೋಬೇಕು ಅಂತ ಕೂತೇಬಿಟ್ಟರು, ಯಂತ್ರ ಶುರುವಾಗುವ ಹೊತ್ತಲ್ಲಿ ಎದ್ದು ಹೋಗುವುದು ಅವರ ಜಾಯಮಾನದಲ್ಲಿಲ್ಲ, ಅತ್ತೆ ನಿಟ್ಟುಸಿರಿಟ್ಟು, ಎಷ್ಟು ಬೇಗ ಮಾತು ಕೇಳ್ತಾರೆ ನೋಡು ಮಿಷಿನ್ ಅಂದ್ರೆ, ನಾನೂ ಒಂದು ಮಿಷಿನ್ನಾಗಿ ಹುಟ್ಟಬೇಕಿತ್ತು. ಕಂಪ್ಯೂಟರ್ ಆರಿತು, ಹೊತ್ತಿತು, ಮತ್ತೆ ಆರಿತು, ಅಷ್ಟರೊಳಗೆ ಅವಳು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ನಿನ್ನೆಯ ಹಂಚಿಕೆಯನ್ನೇ ತಿದ್ದುತ್ತಿದ್ದಾಳೆ, ಇನ್ನು ಮೇಲೆ ಯಾವ ಅಂಗಡಿಗೆ ಹೋದರೂ ಮೊದಲು ಕೇಳಬೇಕು, ಅಪ್‌ಡೇಟ್ ಇದೆಯಾ, ಇಲ್ಲವಾ, ತಗೋ, ಪೂರಕ ಭಾಗ ಇದೆಯಾ, ಇಲ್ಲವಾ, ತಗೋ, ಎಲ್ಲ ಇದ್ದ ಮೇಲೇ ಒಳಗೆ ಕಾಲಿಡಬೇಕು, ಸುಮ್ಮನೆ ಹೊಸಿಲಲ್ಲಿ ನಿಂತು ತಲುಪಿದೆ ಅನ್ನಬಾರದು. ಬೀಗಣ್ಣ ಫೋನಿನಲ್ಲಿ, ಮೇಡಂ, ಹೊಸದಾಗಿ ಕೊಂಡ ಕಂಪ್ಯೂಟರ್ ಇನ್ನೂ ಕೆಲವು ಶಾಖೆಯಲ್ಲಿವೆ, ಅಲ್ಲೂ ಇದೇ ಕಥೆ. ಬಿಡು ಹಾಗಾದರೆ, ಎಲ್ಲದಕ್ಕೂ ಬಿಡು, ಒಪ್ಪಿಗೆ ಇದೆ, ಈಗ ನಾನು ರಜೆಯಲ್ಲಿಲ್ಲ.

ತೆರೆಯಿತು. ಪೂರಕ ಭಾಗ ಕೂತ ಮೇಲೆ ತ್ರಿಕೋನವಿಲ್ಲ, ಏನಿಲ್ಲ, ತಂತ್ರಾಂಶ ನೆಟ್ಟಗೆ ತೆರೆಯಿತು, ಪರೀಕ್ಷಕಿ ಮಾವನ ಅಳತೆಗಳನ್ನು ಒಳಗಿಳಿಸಿ ಅವರ ಮುಖ ನೋಡುತ್ತ ಗುಂಡಿ ಒತ್ತಿದಳು, ಮಾವ ಕಣ್ಣು ಪಿಳುಕಿಸಿದರು, ಯಾರೋ ಹಿಂದಿನಿಂದ ಹೆಗಲು ಮುಟ್ಟಿದ ಹಾಗೆ ತಿರುಗಿದರು. ಅದೇನು ಸರಸರ. ಕಾಗದ ಸಾರ್, ನನ್ನ ಕೈಲಿರೋದು. ಅದೇನು ಟಕಟಕ. ಮೇಡಂ ಬೆರಳು ಸಾರ್. ನಕ್ಕರು, ತಮ್ಮ ನಗು ತಮಗೇ ಕೇಳಿ ಬೆಚ್ಚಿದರು, ಮತ್ತೆ ನಕ್ಕರು, ಅವಳೂ ನಕ್ಕಳು. ಮಾತಾಡಿ ಅಮ್ಮ, ನಿಮ್ಮ ದನಿ ಕೇಳ್ಲಿ ಅವರಿಗೆ, ಅಂದಳು ಪರೀಕ್ಷಕಿ, ಹೊಳೆಯಂತೆ ಮಾತಾಡುತ್ತಿದ್ದ ಅತ್ತೆ ಸೆರಗಿನ ತುದಿ ಹಿಡಿದು ನಿಂತಿದ್ದಾರೆ ಹೊಸ ಮದುವಣಗಿತ್ತಿಯ ಹಾಗೆ, ಬೈಯಿರಿ ಅತ್ತೆ, ಏನಾದರೂ ಬೈಯಿರಿ — ಮಾವ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಇವಳೇ, ಆ ಸಿಳ್ಳೆ ಎಲ್ಲಿಂದ ಬರ್ತಿದೆ. ಪರೀಕ್ಷಕಿ ಯಂತ್ರ ನೋಡಿದಳು, ಯಂತ್ರದ್ದಲ್ಲ, ಫ್ಯಾನಿನದ್ದಲ್ಲ, ಸಣ್ಣಗೆ, ಉಸಿರು ಮುಗಿಯುವ ಕಡೆಯಲ್ಲಿ, ಅತ್ತೆಯ ಎದೆಯೊಳಗಿಂದ, ಅಯ್ಯೋ ಹೌದಲ್ಲ, ಅವಳೂ ದಿನಾ ಅಡುಗೆಮನೆಯಲ್ಲಿ ಪಕ್ಕದಲ್ಲೇ ನಿಂತು ಕೇಳಿದ್ದು, ಕೇಳಿ ಕೇಳಿ ಕಿವಿಯಿಂದಲೇ ಬಿಟ್ಟುಹೋದದ್ದು, ಈ ಮನುಷ್ಯನಿಗೆ ಮೊದಲ ದಿನವೇ ಕೇಳಿಸಿತು. ಯಾವಾಗಿಂದ ಹೀಗೆ. ಏನಿಲ್ಲ, ಮೆಟ್ಟಿಲು ಹತ್ತಿದ್ದಕ್ಕೆ. ಆಗಲೇ ಹತ್ತಿದ್ದಲ್ವಾ, ಇನ್ನೂ ಬರ್ತಿದೆ. ನಾಳೆ ಅತ್ತೆಗೆ ಡಾಕ್ಟರು, ಮ್ಯಾನೇಜರಿಗೆ ಹೇಳಬೇಕು, ನಾಳೆಗೂ ರಜೆ, ಫೋನು ಮೇಜಿನ ಮೇಲೆ ಗುರ್ ಗುರ್ ಅನ್ನುತ್ತಿದೆ, ಪರದೆಯಲ್ಲಿ ಒಂದೊಂದೇ ಶಾಖೆ ಹಸಿರಾಗುತ್ತಿರಬೇಕು, ನೋಡಬೇಕು, ನೋಡಲಾಗುತ್ತಿಲ್ಲ, ಯಾಕೆಂದರೆ ಅತ್ತೆ ಉಸಿರು ಬಿಗಿಹಿಡಿದಿದ್ದಾರೆ, ಗಂಡನಿಗೆ ಕೇಳಿಸಬಾರದೆಂದು, ನೀರಿನೊಳಗೆ ಮುಳುಗಿದ ಮಗುವಿನ ಹಾಗೆ ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ, ಮಾವ ತಂತಿ ಎಳೆಯುವಷ್ಟು ಮುಂದೆ ಬಾಗಿ ಕಾಯುತ್ತಿದ್ದಾರೆ, ಅತ್ತೆ ಬಿಡುತ್ತಿಲ್ಲ, ಅವರು ಕಾಯುತ್ತಿದ್ದಾರೆ, ಉಬ್ಬಿದ ಕೆನ್ನೆ, ಬಾಗಿದ ಕಿವಿ, ಉಬ್ಬಿದ ಕೆನ್ನೆ —