ಕೈ ಬಿಟ್ಟ ಗಳಿಗೆ

ಡಾಕ್ಟರಮ್ಮ ದೊಡ್ಡದೊಂದು ಕನ್ನಡಿಯನ್ನು ಶೀತಲಳ ಮುಖದ ಮುಂದೆ ಹಿಡಿದು ನಿಧಾನವಾಗಿ ಅತ್ತಿತ್ತ ಓಲಾಡಿಸಿದರು. ಏನಾದರೂ ಕಾಣುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಶೀತಲ್ ಇಲ್ಲವೆಂದಳು. ಆದರೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಸೋಮವ್ವನಿಗೆ, ಕನ್ನಡಿ ಹೋದ ಕಡೆಗೆ ಮಗಳ ಕಣ್ಣಾಲಿಗಳೂ ಒಂದಿಷ್ಟು ಸರಿದಂತೆ ಕಂಡಿತು. ಡಾಕ್ಟರಿಗೂ ಕಂಡಿರಬೇಕು. ಅವರು ಕನ್ನಡಿ ಕೆಳಗಿಟ್ಟು, ರಿಪೋರ್ಟುಗಳನ್ನು ಮತ್ತೆ ತಿರುವಿ ನೋಡಿದರು.

ಶುರುವಾದದ್ದು ಮಳೆಗಾಲದ ಕೊನೆಗೆ. ಬಾಂದ್ರಾದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಶೀತಲ್ ಗಿರಾಕಿಗೆ ಹಸಿರು ದುಪಟ್ಟಾದ ಬದಲು ಬೂದು ಬಣ್ಣದ್ದನ್ನು ತೆಗೆದುಕೊಟ್ಟಿದ್ದಳು. ಎಡಗಣ್ಣಿಗೆ ಬಣ್ಣಗಳೆಲ್ಲ ತೊಳೆದು ಹೋದಂತೆ ಕಾಣುತ್ತಿದ್ದವು. ದೀಪಾವಳಿಯ ಹೊತ್ತಿಗೆ ಆ ಕಣ್ಣಿಗೆ ಮಂಜು ಕವಿಯಿತು. ಸಂಕ್ರಾಂತಿಯೊಳಗೆ ಬಲಗಣ್ಣೂ ಹೋಯಿತು. ಕಣ್ಣಿನ ಡಾಕ್ಟರು ನರದ ಡಾಕ್ಟರ ಕಡೆಗೆ ಕಳಿಸಿದರು, ನರದವರು ಮತ್ತೆ ಕಣ್ಣಿನವರ ಕಡೆಗೆ. ಘಾಟ್ಕೋಪರಿನ ಗುಡ್ಡದ ಮೇಲಿನ ಚಾಳಿನಿಂದ ತಾಯಿ ಮಗಳು ಕೈ ಕೈ ಹಿಡಿದು ಇಳಿದು, ಲೋಕಲ್ ರೈಲು ಹತ್ತಿ, ದೊಡ್ಡಾಸ್ಪತ್ರೆಯ ಉದ್ದನೆಯ ಬೆಂಚುಗಳ ಮೇಲೆ ಕೂರುವುದು ರೂಢಿಯಾಗಿಬಿಟ್ಟಿತು.

"ಎಮ್ಆರ್‌ಐ ಸರಿಯಾಗಿದೆ," ಎಂದರು ಡಾಕ್ಟರ್. "ಕಣ್ಣಿನ ನರದ ಪರೀಕ್ಷೆಯಲ್ಲಿ ಮಾತ್ರ ಎಡಗಡೆ ಸಂಕೇತ ಸ್ವಲ್ಪ ತಡವಾಗಿ ಮುಟ್ಟುವುದು ಕಾಣುತ್ತಿದೆ. ನರಕ್ಕೆ ಬಾವು ಬಂದಿರಬಹುದು. ಇಲ್ಲವೇ ಕಣ್ಣು ನೋಡುತ್ತಿದ್ದರೂ ಮೆದುಳು ಅದನ್ನು ತೆಗೆದುಕೊಳ್ಳದೆ ಇರಬಹುದು. ಎರಡೂ ಕೂಡಿರಲೂಬಹುದು. ಇದಕ್ಕೆ ಈಗಲೇ ಹೆಸರಿಡಲು ನನ್ನಿಂದಾಗದು. ಆದರೆ ತಾಯಿ, ಹುಡುಗಿ ನಾಟಕ ಮಾಡುತ್ತಿಲ್ಲ. ಯಾವುದೇ ಆಗಿರಲಿ, ಇದು ಕಾಯಿಲೆಯೇ."

ಸೋಮವ್ವನದು ಅಡಿಗೆಮನೆಯ ಹಿಂದಿ. ಸೊಸೈಟಿಯ ಫ್ಲ್ಯಾಟುಗಳಲ್ಲಿ ಚಪಾತಿ ಬಡಿಯುತ್ತ ಕಲಿತದ್ದು. ಅಷ್ಟು ಮಾತಿನಲ್ಲಿ ಅವಳ ಕಿವಿಯಲ್ಲಿ ಉಳಿದದ್ದು ಒಂದೇ: ಕಣ್ಣು ನೋಡುತ್ತಿವೆ.

ಮನೆಯಲ್ಲಿ ಗಂಡ ನಿಂಗಣ್ಣನ ತಂಗಿ ಶೀಲಾವತಿ ಬಂದು ಕೂತಿದ್ದಳು. ಶೀತಲಳಿಗೆ ಶಿವಪುತ್ರನನ್ನು ಗೊತ್ತು ಮಾಡಿದವಳು ಅವಳೇ. ಹುಡುಗ ಅವಳ ಗಂಡನ ಅಣ್ಣನ ಮಗ. ಬೇಸಿಗೆಯಲ್ಲಿ ಮಾತುಕತೆಯಾದಾಗ ಶೀತಲ್ ಒಂದು ವರ್ಷ ತಡೆಯಿರಿ ಅಂದಿದ್ದಳು, ಅತ್ತಿದ್ದಳು, ಆಮೇಲೆ ಸುಮ್ಮನಾಗಿದ್ದಳು. ಮಗಳು ಬಚ್ಚಲಿಗೆ ಕೈಕಾಲು ತೊಳೆಯಲು ಹೋದದ್ದೇ ಶೀಲಾವತಿ ದನಿ ತಗ್ಗಿಸಿದಳು.

"ಕಣ್ಣು ಕಾಣ್ತಾವಂತ ಡಾಕ್ಟರೇ ಹೇಳ್ಯಾರಂದ್ರ ಇನ್ನೇನ್ ಉಳೀತು ವೈನಿ? ಲಗ್ನ ಅಂದಾಗಿಂದ ಸುರು ಆಗ್ಯಾದ ಇದು. ನೀ ಒಮ್ಮೆ ಪರೀಕ್ಷಾ ಮಾಡಿ ನೋಡು. ಖರೆ ಇದ್ರ ತಿಳೀತದ, ಸುಳ್ಳಿದ್ರೂ ತಿಳೀತದ."

"ನನ್ನ ಮಗಳು ಅಂಥಾಕಿ ಅಲ್ಲ," ಎಂದಳು ಸೋಮವ್ವ.

ನಿಂಗಣ್ಣ ಗೋಡೆಗೆ ಒರಗಿ ಕೂತಿದ್ದ. ಸೈಟಿನ ಸಿಮೆಂಟು ಇನ್ನೂ ಅವನ ಉಗುರಿನಲ್ಲಿತ್ತು. "ಅಂಥಾಕಿ ಆಗಿದ್ರನ ಚಲೋ ಆಗ್ತಿತ್ತಲ್ಲ," ಎಂದ, ಯಾರ ಮುಖವನ್ನೂ ನೋಡದೆ. "ಸುಳ್ಳಾದ್ರ ಒಂದಿನ ಮುಗೀತದ. ಖರೆ ಆಗಿದ್ರ ಯಾವಾಗ ಮುಗೀಬೇಕು?"

ಆ ಮಾತು ಸೋಮವ್ವನೊಳಗೆ ಹೊಕ್ಕು ಕೂತಿತು. ಮಗಳು ಸುಳ್ಳುಗಾತಿಯಾಗಿರಲಿ ದೇವರೇ ಎಂದು ಬೇಡಿಕೊಳ್ಳುವ ಹೊತ್ತು ತಾಯಿಗೆ ಬರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಅಂದಿನಿಂದ ಅವಳು ಕದ್ದು ನೋಡತೊಡಗಿದಳು. ಶೀತಲ್ ನೀರಿನ ತಂಬಿಗೆಯನ್ನು ತಡವದೆ ಎತ್ತಿದರೆ ಎದೆ ಡವಗುಟ್ಟುತ್ತಿತ್ತು. ಅದೇ ಶೀತಲ್ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡರೆ ಎದೆ ಕುಸಿಯುತ್ತಿತ್ತು.

ಮುಂದಿನ ಸಲ ಆಸ್ಪತ್ರೆಯಿಂದ ಮರಳುವಾಗ ಮಧ್ಯಾಹ್ನವಾಗಿತ್ತು. ಹೊಸದೇನನ್ನೂ ಹೇಳಿರಲಿಲ್ಲ, ಇನ್ನೊಂದು ರಕ್ತಪರೀಕ್ಷೆ, ಇನ್ನೊಂದು ತಾರೀಖು. ಘಾಟ್ಕೋಪರ್ ಸ್ಟೇಷನ್ನಿನ ಸೇತುವೆಯ ಮೇಲೆ ಮಂದಿ ಎರಡೂ ದಿಕ್ಕಿನಿಂದ ನುಗ್ಗುತ್ತಿದ್ದರು. ಮಗಳ ಕೈ ತನ್ನ ಕೈಯೊಳಗೆ ಬೆವರಿತ್ತು. ಸೋಮವ್ವ ಸೆರಗು ಸರಿಮಾಡಿಕೊಳ್ಳುವವಳಂತೆ ಆ ಕೈ ಬಿಟ್ಟಳು. ಬಿಟ್ಟವಳು ಮತ್ತೆ ಹಿಡಿಯಲಿಲ್ಲ. ಹಿಂದೆ ಸರಿದು ಕಂಬಿಗೆ ಬೆನ್ನು ಹಚ್ಚಿ ನಿಂತಳು.

"ಅವ್ವಾ," ಎಂದಳು ಶೀತಲ್.

ಸೋಮವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

"ಅವ್ವಾ, ಕಹಾಂ ಹೋ? ಎಲ್ಲಿದ್ದಿ ಅವ್ವಾ."

ಯಾರದೋ ಚೀಲ ಮಗಳ ಭುಜಕ್ಕೆ ಬಡಿಯಿತು. ಶೀತಲ್ ಅರ್ಧ ಸುತ್ತು ತಿರುಗಿದಳು. ಯಾವ ಕಡೆ ಹೊರಟಿದ್ದೆವೆಂಬುದೂ ಅವಳಿಗೆ ತಪ್ಪಿಹೋಗಿರಬೇಕು. ಕೈ ಮುಂದೆ ಚಾಚಿ ಒಂದೊಂದೇ ಹೆಜ್ಜೆಯಿಟ್ಟಳು. ಮೆಟ್ಟಿಲ ತಲೆಗೆ ಕ್ಲಿಪ್ಪು, ಪಿನ್ನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಮಂದಿಯ ಸಂದಿಯಿಂದ ಕಂಡಂತೆ, ಶೀತಲಳ ಕಾಲು ಬುಟ್ಟಿಯ ಅಂಚಿನವರೆಗೆ ಬಂದು, ಬದಿಗೆ ಸರಿದು, ದಾಟಿತು. ನೋಡಿದಳು, ಕಂಡಿತು ಅವಳಿಗೆ! ಸೋಮವ್ವನಿಗೆ ಸಿಟ್ಟೂ ಸುಖವೂ ಒಟ್ಟಿಗೇ ನೆತ್ತಿಗೇರಿದವು. ಮನೆಗೆ ಹೋಗಿ ಎರಡು ಬಾರಿಸಬೇಕು, ಆಮೇಲೆ ಅಪ್ಪಿಕೊಳ್ಳಬೇಕು, ಲಗ್ನ ಬೇಡವಾದರೆ ಬೇಡ ಅನ್ನಬೇಕು. ಇಷ್ಟೆಲ್ಲ ಅವಳ ಮನಸ್ಸಿನಲ್ಲಿ ಹಾದುಹೋಗುವಷ್ಟರಲ್ಲಿ ಶೀತಲ್ ಇಳಿಯುವ ಮೆಟ್ಟಿಲ ಮೇಲೆ, ಸಮ ನೆಲದ ಮೇಲೆ ಇಡುವಂತೆಯೇ, ಮುಂದಿನ ಹೆಜ್ಜೆಯಿಟ್ಟಳು.

ಸೋಮವ್ವ ಚೀರಿದ್ದು ಅವಳಿಗೇ ಕೇಳಿಸಲಿಲ್ಲ. ಮಂದಿಯನ್ನು ನೂಕಿಕೊಂಡು ಇಳಿದಾಗ ಇಬ್ಬರು ಗಂಡಸರು ಮಗಳನ್ನು ಎತ್ತಿ ಕೂರಿಸಿದ್ದರು. ಗಲ್ಲ ಒಡೆದು ರಕ್ತ ಕುರ್ತಾದ ಮೇಲೆ ಇಳಿಯುತ್ತಿತ್ತು.

"ಎಲ್ಲಿದ್ದಿ ಅವ್ವಾ?"

"ಮಂದ್ಯಾಗ ಕೈ ತಪ್ಪಿತವ್ವ. ಹುಡುಕ್ಲಿಕತ್ತಿದ್ದೆ ನಿನ್ನ." ಸೋಮವ್ವ ಸೆರಗಿನಿಂದ ಗಲ್ಲ ಒತ್ತಿದಳು.

ಬುಟ್ಟಿಯ ಹೆಂಗಸು ನೀರಿನ ಬಾಟಲಿ ಹಿಡಿದು ಇಳಿದು ಬಂದಿದ್ದಳು. ಅವಳಿಗೆ ಸಿಟ್ಟು ಬಂದಿತ್ತು. "ಯಹೀಂಚ್ ತೋ ಖಡೀ ಥೀ ತುಮ್," ಎಂದಳು ಸೋಮವ್ವನಿಗೆ. "ಬೇಟೀ ಬುಲಾ ರಹೀ ಥೀ, ಔರ್ ತುಮ್ ಖಡೀ ದೇಖ್ ರಹೀ ಥೀ. ಮೈಂನೇ ಹೀ ಉಸ್ಕಾ ಪೈರ್ ಹಟಾಯಾ, ನಹೀಂ ತೋ ಟೋಕ್ರೀ ಮೇಂ ಗಿರ್ತೀ."

ತಾಯಿ ಇಲ್ಲಿಯೇ ನಿಂತಿದ್ದಳು, ಮಗಳು ಕರೆಯುತ್ತಿದ್ದರೂ ನೋಡುತ್ತ ನಿಂತಿದ್ದಳು. ಬುಟ್ಟಿಗೆ ಬೀಳದಂತೆ ಶೀತಲಳ ಕಾಲು ಸರಿಸಿದ್ದು ಆ ಹೆಂಗಸಿನ ಕೈ. ಶೀತಲ್ ಎಲ್ಲವನ್ನೂ ಕೇಳಿಸಿಕೊಂಡಳು. ಬಾಟಲಿ ಇದ್ದ ಕಡೆಗೆ ಕೈ ಚಾಚಿ ನೀರು ಕುಡಿದಳು.

ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆ ಮುಟ್ಟಿದಾಗ ಸಂಜೆ. ನಿಂಗಣ್ಣ ಇನ್ನೂ ಬಂದಿರಲಿಲ್ಲ. ಸೋಮವ್ವ ಚಹಾ ಸೋಸಿ ಮಗಳ ಕೈಗೆ ಕೊಟ್ಟು, ಎದುರಿಗೆ ಕುಕ್ಕರಿಸಿದಳು.

"ಅವ್ವಾ, ಮೈಂ ಗುಸ್ಸಾ ನಹೀಂ ಹೂಂ, ನಂಗ ಸಿಟ್ಟಿಲ್ಲ," ಎಂದಳು ಶೀತಲ್. ಕನ್ನಡ ಅವಳಿಗೆ ಹುಡುಕಿ ಹುಡುಕಿ ಬರುತ್ತಿತ್ತು. "ನಂಗೂ ಡೌಟ್ ಬರ್ತದ. ಮಲಗಿದಾಗ ಅನಸ್ತದ, ನಾನೇ ನಾಟಕ ಮಾಡ್ತೀನಿ ಏನು ಅಂತ. ಬೆಳಿಗ್ಗೆ ಎದ್ದು ಜೋರ್ ಲಗಾಕೇ, ಕಣ್ಣಗಲಿಸಿ ನೋಡ್ತೀನಿ. ನಿನ್ನ ದನಿ ಎಲ್ಲಿ ಬರ್ತದ, ಅಲ್ಲಿ ನೋಡ್ತೀನಿ. ಕುಛ್ ನಹೀಂ, ಏನೂ ಇಲ್ಲ. ಡಾಕ್ಟರಿಗೆ ಗೊತ್ತಿಲ್ಲ. ನಂಗೂ ಗೊತ್ತಿಲ್ಲ." ಕಪ್ಪಿನ ಅಂಚನ್ನು ಬೆರಳಿನಿಂದ ಸವರಿದಳು. "ನಿನಗಾದ್ರೂ ಗೊತ್ತದ ಅಂತ ತಿಳ್ಕೊಂಡಿದ್ದೆ."

ಸೋಮವ್ವ ಮಗಳ ಮೊಳಕಾಲಿಗೆ ಹಣೆ ಹಚ್ಚಿ ಅತ್ತಳು. ಶೀತಲ್ ಅವಳ ತಲೆಯ ಮೇಲೆ ಕೈಯಿಟ್ಟಳು. ಆದರೆ ಆ ಕೈ, ಪರರ ಮನೆಯ ಮಗುವನ್ನು ಸಮಾಧಾನ ಮಾಡುವವರ ಕೈಯಂತೆ, ಹಗುರಾಗಿತ್ತು.

ಶಿವಪುತ್ರನ ಮನೆಯವರು ಹೋಳಿ ಹಬ್ಬಕ್ಕೆ ಮುಂಚೆಯೇ ಬೇರೆ ಕಡೆ ಹೆಣ್ಣು ನೋಡಿಕೊಂಡರು. ಅದನ್ನು ಹೇಳಲು ಬಂದ ಶೀಲಾವತಿ ಚಹಾ ಕುಡಿಯದೆ ಎದ್ದಳು. ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟರು, ಮನಸ್ಸಿನ ಡಾಕ್ಟರ ಹತ್ತಿರವೂ ಕೂರಿಸಿದರು. ಬಲಗಣ್ಣಿಗೆ ಬೆಳಕು ಕತ್ತಲೆಯ ಗುರುತು ಸಿಗುವಂತಾಯಿತು. ಇದು ಮುಂದೆ ಹೆಚ್ಚಬಹುದು, ಇಷ್ಟಕ್ಕೇ ನಿಲ್ಲಲೂಬಹುದು ಅಂದರು. ಕಾಯಿಲೆಗೆ ಇನ್ನೂ ಹೆಸರಿರಲಿಲ್ಲ. ಅದೇ ಡಾಕ್ಟರಮ್ಮ ಕಣ್ಣಿಲ್ಲದವರಿಗೆ ಕಲಿಸುವ ಕೇಂದ್ರವೊಂದರ ವಿಳಾಸ ಕೊಟ್ಟರು. ಶೀತಲ್ ಅಲ್ಲಿ ಬಿಳಿ ಕೋಲು ಹಿಡಿದು ನಡೆಯುವುದನ್ನು ಕಲಿತಳು. ಮೊದಮೊದಲು ನಿಂಗಣ್ಣ ಸೈಟಿಗೆ ಹೋಗುವಾಗ ಬಿಟ್ಟುಬರುತ್ತಿದ್ದ. ಒಂದು ದಿನ ಒಬ್ಬಳೇ ಹೋಗುತ್ತೇನೆಂದಳು.

"ನಾ ಬರ್ತೀನಲ್ಲ," ಎಂದಳು ಸೋಮವ್ವ.

"ಬ್ಯಾಡ ಅವ್ವಾ. ನಿಂದು ಕೆಲಸಕ್ಕ ಲೇಟ್ ಆಗ್ತದ."

ಸಿಡುಕಿನ ಮಾತಾಗಿರಲಿಲ್ಲ. ಅವಳೀಗ ತಾಯಿಯೊಡನೆ ಮೆಲ್ಲಗೇ ಮಾತಾಡುತ್ತಿದ್ದಳು. ಕೋಲು ಬಿಚ್ಚಿ, ಹೊಸ್ತಿಲು ತಡವಿ, ಓಣಿಗಿಳಿದಳು.

ಗುಡ್ಡದ ಓಣಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಆತುಕೊಳ್ಳುವಷ್ಟು ಕಿರಿದು. ನಡುವೆ ಗಟಾರ, ಅದರ ಮೇಲೆ ಅಲುಗಾಡುವ ಫರ್ಸಿ ಕಲ್ಲುಗಳು. ಕೋಲು ಒಂದೊಂದನ್ನೂ ತಟ್ಟಿ ನೋಡಿ ಮುಂದೆ ಹೋಗುತ್ತಿತ್ತು. ಸೋಮವ್ವ ಬಾಗಿಲೆಳೆದುಕೊಂಡಳು. ಬಳೆಗಳನ್ನು ಮೊಣಕೈಯತ್ತ ಏರಿಸಿ ಬಿಗಿಮಾಡಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ, ಸಪ್ಪಳವಾಗದಂತೆ ಮಗಳ ಹಿಂದೆ ನಡೆದಳು.

ಹಿಟ್ಟಿನ ಗಿರಣಿಯ ತಿರುವಿನಲ್ಲಿ ಶೀತಲ್ ನಿಂತಳು. ಸೋಮವ್ವನೂ ನಿಂತಳು. ಶೀತಲಳ ಮುಖ ತುಸು ಹಿಂದಕ್ಕೆ ಹೊರಳಿತು, ಏನನ್ನೋ ಆಲಿಸುವಂತಿತ್ತು. ಬಿಸಿ ಹಿಟ್ಟಿನ ವಾಸನೆ ಓಣಿಯ ತುಂಬ ಇತ್ತು. ಆಮೇಲೆ ಅವಳು ಮುಂದಕ್ಕೆ ತಿರುಗಿ, ಕೋಲಿನಿಂದ ಮೊದಲ ಮೆಟ್ಟಿಲ ಅಂಚನ್ನು ಹುಡುಕಿ, ಇಳಿಯತೊಡಗಿದಳು.