ಸಮುದ್ರದ ಮನೆಯ ಜಗಲಿ ಕಲ್ಲು

ತಮಿಳು ಸೀಮೆಯ ತಿರುವಲ್ಲಿಕ್ಕೇಣಿಯಲ್ಲಿ, ಪಾರ್ಥಸಾರಥಿಯ ಗುಡಿಯಿಂದ ಕಡಲ ಕಡೆಗೆ ಹೋಗುವ ಬೀದಿಗಳಲ್ಲೊಂದರಲ್ಲಿ ಜಯಲಕ್ಷ್ಮಿಯ ಮನೆ. ಆ ಮನೆಗೆ ಹೆಸರು ಅಂತ ಯಾರೂ ಇಟ್ಟವರಿಲ್ಲ. ಬೇಸಿಗೆ ರಜೆಯಲ್ಲಿ ಬಂದು ಮಹಡಿಯ ಎರಡು ಕೋಣೆ ಬಾಡಿಗೆಗೆ ಹಿಡಿದು, ಎಂಟು ದಿನ ಕಡಲು ನೋಡಿ, ಗುಡಿ ಸುತ್ತಿ ಹೋಗುವ ಧಾರವಾಡ, ದಾವಣಗೆರೆ, ಮೈಸೂರು ಕಡೆಯವರು ಅದನ್ನು ‘ಸಮುದ್ರದ ಮನೆ’ ಎಂದರು, ಅದೇ ನಿಂತಿತು. ಮಡಿಗೆ ಬೇಕಾದ ಪಾತ್ರೆ, ಬಾವಿಯ ಸಿಹಿನೀರು, ಕನ್ನಡದಲ್ಲಿ ಮಾತಾಡುವ ಮನೆಯೊಡತಿ, ಇಷ್ಟು ಸಿಕ್ಕರೆ ಪರಸ್ಥಳದಲ್ಲಿ ಇನ್ನೇನು ಬೇಕು? ಮೀಸೆ ಹೊತ್ತ ಕೃಷ್ಣನನ್ನು ಗುಡಿಯಲ್ಲಿ ಮೊದಲ ಸಲ ಕಂಡು ಬೆರಗಾಗಿ ಬಂದವರಿಗೆ ಜಯಲಕ್ಷ್ಮಿ ಜಗಲಿಯ ಮೇಲೆ ಮಜ್ಜಿಗೆ ಕೊಟ್ಟು, ಆ ಮೀಸೆಯ ಕತೆ, ಯುದ್ಧದಲ್ಲಿ ಬಾಣ ತಾಗಿ ಆದ ಮುಖದ ಗಾಯಗಳ ಕತೆ ಹೇಳುವಳು. ಅದು ಮುಗಿದ ಮೇಲೆ ಮನೆಯ ಕತೆ.

ಮನೆಯ ಕತೆ ಅಂದರೆ ಜಗಲಿಯ ಕಲ್ಲಿನ ಕತೆ. ಜಗಲಿಯಲ್ಲೆಲ್ಲ ಕೆಂಪು ಗಾರೆ. ಬಾಗಿಲ ಬಲಗಡೆ ಮಾತ್ರ ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದದ ಒಂದು ಕಪ್ಪು ಚಪ್ಪಡಿ. ಕೈಯಿಟ್ಟರೆ ಚೈತ್ರದ ಬಿಸಿಲಲ್ಲೂ ತಣ್ಣಗೆ. ಅದರ ನೇರಕ್ಕೆ ಮೇಲಿನ ತೊಲೆಯಲ್ಲಿ ಒಂದು ಕಬ್ಬಿಣದ ಕೊಂಡಿ. ಆ ಕಲ್ಲಿಗೆ ಯಾವಾಗಲೂ ಅರಿಶಿನ ಕುಂಕುಮ. ಹಿಂದೊಮ್ಮೆ ಬಂದವರು ಯಾರೋ, “ಇಲ್ಲಿ ಯತಿಗಳು ಯಾರಾದ್ರೂ ಕೂತಿದ್ರೇನ್ರಿ?” ಎಂದು ಜಯಲಕ್ಷ್ಮಿಯ ಅತ್ತೆ ಶಾರದಮ್ಮನನ್ನು ಕೇಳಿದ್ದರಂತೆ. ಶಾರದಮ್ಮ ಮಾತು ಕಡಿಮೆಯ ಹೆಂಗಸು. ನಕ್ಕು ಒಳಗೆ ಹೋದರು. ಆ ನಗುವೇ ಹೌದೆಂದಾಯಿತು. ಮಾರನೆಯ ವರ್ಷ ಬಂದವರ ಬಾಯಲ್ಲಿ ಯತಿಗಳು ಬಂದು ಕೂತರು; ಅದರ ಮಾರನೆಯ ವರ್ಷ ಚಾತುರ್ಮಾಸ್ಯಕ್ಕೇ ನಿಂತರು. ಸೊಸೆಯಾಗಿ ಬಂದ ಜಯಲಕ್ಷ್ಮಿ ಕತೆ ಹೇಳುವುದರಲ್ಲಿ ಕೈ ಪಳಗಿದವಳು, ಮಾತಿನಲ್ಲೇ ಕೊಂಡಿಗೆ ಯತಿಗಳ ಪೂಜೆಯ ಗಂಟೆ ತೂಗುಹಾಕಿದಳು. ಕತೆಗೆ ಕೈಕಾಲು ಮೂಡಿ ತಾನೇ ನಡೆಯತೊಡಗಿತು. ಹಾಗೆ ನಡೆಯುವುದನ್ನು ನೋಡಿದಾಗಲೆಲ್ಲ ಅವಳ ಎದೆ ಉಬ್ಬುತ್ತಿತ್ತು. ಇಂಥ ಮನೆ ತುಂಬಿದ್ದೇನಲ್ಲ, ಇದು ಯಾವ ಜನ್ಮದ ಪುಣ್ಯವೋ ಎಂದುಕೊಳ್ಳುವಳು.

ಎಪ್ಪತ್ತೆಂಟನೆಯ ಇಸವಿಯ ಬೇಸಿಗೆ ಅದು. ಶಾರದಮ್ಮ ಹಿಂದಿನ ಪುಷ್ಯದಲ್ಲಿ ತೀರಿಹೋಗಿದ್ದರು. ಗಂಡ ಮುರಳೀಧರ ಬೆಳಗಾದರೆ ಪೆರಂಬೂರಿನ ರೈಲ್ವೆ ಆಫೀಸಿಗೆ. ಅತಿಥಿಗಳ ಭಾರವೆಲ್ಲ ಜಯಲಕ್ಷ್ಮಿಯದೇ. ಆ ಸಲ ಮಹಡಿಗೆ ಬಂದವರು ಧಾರವಾಡದ ವಿಷ್ಣುತೀರ್ಥಾಚಾರ್ಯರು ಮತ್ತು ಅವರ ಹೆಂಡತಿ ನೀರಜಾಬಾಯಿ. ಆಚಾರ್ಯರು ಕಡಲು ನೋಡಲು ಬಂದವರಲ್ಲ; ಈ ಕಲ್ಲಿನ ಸುದ್ದಿ ಕೇಳಿಯೇ ಬಂದವರು. ಬೆಳಿಗ್ಗೆ ಸ್ನಾನ ಮುಗಿಸಿ ಕಲ್ಲಿನ ಮೇಲೆ ಕೃಷ್ಣಾಜಿನ ಹಾಸಿ ಜಪಕ್ಕೆ ಕೂತರೆ ಬೀದಿಯ ತರಕಾರಿ ಗಾಡಿಯ ಕೂಗಿಗೂ ಕಣ್ಣು ಬಿಡರು.

“ಇಪ್ಪತ್ತು ವರ್ಷದಿಂದ ಮನಸು ಎಲ್ಲೂ ನಿಂತಿದ್ದಿಲ್ಲ ನೋಡ್ರಿ ತಂಗಿ,” ಎಂದಿದ್ದರು ಮೂರನೆಯ ದಿನ. “ಇಲ್ಲಿ ಕೂತರ ನಿಂತದ. ನಮ್ಮ ಮಠದವರಿಗೆ ಹೇಳಿ ಇಲ್ಲೊಂದು ಅಮೃತಶಿಲಾ ಹಲಗೆ ಬರೆಸಿ ಹಾಕಿಸ್ತೇನಿ. ಊರೆಲ್ಲ ಗೊತ್ತಾಗಲಿ.”

ಜಯಲಕ್ಷ್ಮಿಯ ಕಾಲು ನೆಲಕ್ಕೆ ತಾಗಲಿಲ್ಲ. ಅಮೃತಶಿಲೆಯಲ್ಲಿ ಮನೆಯ ಹೆಸರು! ಅತ್ತೆ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದರೋ.

ಅದರ ಮರುದಿನ ಶುಕ್ರವಾರ. ಆಚಾರ್ಯರು ಜಪದಲ್ಲಿದ್ದರು. ಬೀದಿಯ ತುದಿಯಿಂದ ಹೆಂಗಸರ ಗುಂಪೊಂದು ಬಂತು. ಮುಂದೆ ನಾಗಮಣಿ, ಕಡಲದಂಡೆಯ ಮೀನುಗಾರರ ಕೇರಿಯಾದ ಕುಪ್ಪದವಳು. ಅವಳು ಜಯಲಕ್ಷ್ಮಿಗೆ ಹೊಸಬಳಲ್ಲ. ದೇವರು ಕಡಲಸ್ನಾನಕ್ಕೆ ಹೋಗುವ, ತಮಿಳರ ಮಾಸಿ ತಿಂಗಳ ಹಬ್ಬದ ಹಿಂದಿನ ದಿನ ಪ್ರತಿವರ್ಷ ಬಂದು, ಬಾವಿಯ ನೀರು ಕೇಳಿ, ಕಲ್ಲು ತೊಳೆದು, ಅರಿಶಿನ ಹಚ್ಚಿ ಹೋಗುವಳು. ಯತಿಗಳ ಮೇಲಿನ ಭಕ್ತಿ ಕುಪ್ಪದವರಿಗೂ ಇದೆಯಲ್ಲ ಎಂದು ಜಯಲಕ್ಷ್ಮಿ ಅದನ್ನೂ ಅತಿಥಿಗಳಿಗೆ ಹೇಳುವುದಿತ್ತು. ಇವತ್ತು ನಾಗಮಣಿಯ ಹಿಂದೆ ಅವಳ ಮಗಳು ಸೆಲ್ವಿ. ತುಂಬಿದ ಬಸುರಿ, ಮುಡಿ ತುಂಬ ಮಲ್ಲಿಗೆ, ಹಸಿರು ಸೀರೆ. ಒಬ್ಬಳ ಕೈಯಲ್ಲಿ ಬಳೆಯ ಬುಟ್ಟಿ, ಇನ್ನೊಬ್ಬಳ ಕೈಯಲ್ಲಿ ಚಿತ್ರಾನ್ನದ ಡಬರಿ.

“ಅಮ್ಮಾ, ಸೆಲ್ವಿಗೆ ಇವತ್ತು ಬಳೆ ತೊಡಿಸೋದು,” ಎಂದಳು ನಾಗಮಣಿ ತಮಿಳಿನಲ್ಲಿ. “ಚೊಚ್ಚಲು. ಕಲ್ಲಿನ ಮೇಲೆ ಕೂರಿಸಿ, ಬೇವಿನ ಬಳೆ ಇಟ್ಟು ಕರ್ಕೊಂಡು ಹೋಗ್ತೀವಿ. ಆ ಸಾಮಿಗೆ ಸ್ವಲ್ಪ ಏಳೋಕೆ ಹೇಳಿ.”

ಜಯಲಕ್ಷ್ಮಿಗೆ ಅರ್ಥವಾಗಲಿಲ್ಲ. “ಯಾವ ಕಲ್ಲಿನ ಮೇಲೆ?”

“ಇನ್ಯಾವುದು? ನಿಮ್ಮ ಜಗಲಿ ಕಲ್ಲು. ನನ್ನ ಬಳೆ ಇಲ್ಲೇ ಆಯ್ತಲ್ಲ. ನೀವಿನ್ನೂ ಮದುವೆಯಾಗಿ ಬಂದಿರಲಿಲ್ಲ. ಶಾರದಮ್ಮನೇ ಬಾಗಿಲು ತೆಗೆದು ಕೂರಿಸಿದ್ದು.”

ಆಚಾರ್ಯರು ಕಣ್ಣು ಬಿಟ್ಟರು. ತಮಿಳು ಅವರಿಗೆ ಒಂದು ಅಕ್ಷರವೂ ಬಾರದು. “ಏನಂತಾರ ತಂಗಿ ಇವರು? ಯಾಕ ಬಂದಾರ?”

ಜಯಲಕ್ಷ್ಮಿಯ ಬಾಯಿಗೆ ಮೊದಲು ಬಂದದ್ದು, “ಏನಿಲ್ಲ ಆಚಾರ್ಯರೇ, ನಮಸ್ಕಾರ ಮಾಡೋಕೆ ಬಂದಿದ್ದಾರೆ.” ಅಷ್ಟು ಹೇಳಿ ನಾಗಮಣಿಯ ಕಡೆ ತಿರುಗಿ, ದನಿ ತಗ್ಗಿಸಿ, ತಮಿಳಿನಲ್ಲಿ, “ಅವರು ದೊಡ್ಡವರು, ಜಪದಲ್ಲಿದ್ದಾರೆ. ಅದು ಯತಿಗಳು ಕೂತ ಜಾಗ. ಅಲ್ಲಿ ಬಸುರಿ ಹೆಂಗಸನ್ನ ಹೇಗಮ್ಮ ಕೂರಿಸೋದು?” ಎಂದಳು.

“ಯಾವ ಯತಿ?” ನಾಗಮಣಿ ಹುಬ್ಬೇರಿಸಿದಳು. “ಯತಿ ಬಂದಿದ್ರೆ ಒಳಗೆ ದೇವರ ಮನೇಲಿ ಕೂರ್ತಿದ್ರು, ಬೀದೀಲಿ ಯಾಕೆ ಕೂರ್ತಾರೆ? ನನ್ನ ಅಮ್ಮ ಹುಟ್ಟಿದ್ದು ಇಲ್ಲಿ.”

ಜೊತೆಗೆ ಬಂದ ಹೆಂಗಸರು ಕಿಸಕ್ಕನೆ ನಕ್ಕರು. ನಾಗಮಣಿ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಕತೆ ಹೇಳುವವರು ಹಾಗೆ ಕೂತರೆಂದರೆ ಇನ್ನು ಮಧ್ಯದಲ್ಲಿ ಏಳುವುದಿಲ್ಲವೆಂದು ಜಯಲಕ್ಷ್ಮಿಗೆ ಚೆನ್ನಾಗಿ ಗೊತ್ತು. ತಾನೂ ಹಾಗೆಯೇ ಕೂರುವವಳು.

ಅಜ್ಜಿಯರ ಕಾಲದ ಒಂದು ಬಿರುಗಾಳಿ. ಕಡಲು ದಂಡೆ ಹತ್ತಿ ಕುಪ್ಪದ ಗುಡಿಸಲುಗಳನ್ನೆಲ್ಲ ನುಂಗಿತು. ಜನ ಮಕ್ಕಳು ಮರಿ ಹೊತ್ತುಕೊಂಡು ಊರೊಳಗೆ ಓಡಿದರು. ಆ ಜನರಲ್ಲಿ ನಾಗಮಣಿಯ ಅಜ್ಜಿ, ನೋವು ಶುರುವಾಗಿದ್ದ ಬಸುರಿ. ಬೀದಿಯ ಬಾಗಿಲುಗಳೆಲ್ಲ ಗಾಳಿಗೆ ಹೆದರಿ ಅಗಳಿ ಹಾಕಿಕೊಂಡಿದ್ದವು. ತೆರೆದದ್ದು ಒಂದೇ ಬಾಗಿಲು. ತೆರೆದವರು ಶಾರದಮ್ಮನ ಅತ್ತೆ ರತ್ನಾವತಿಯಮ್ಮ. ಮನೆಯ ಗಂಡಸರು ಒಳಗಿಂದ ಕೂಗಿದರಂತೆ: ಮಡಿಯೇನಾಗಬೇಕು, ಮೈಲಿಗೆಯೇನಾಗಬೇಕು, ನಾಳೆ ಬೀದಿಯವರಿಗೆ ಏನು ಹೇಳುವುದು ಎಂದು.

“ಆಗ ಆ ತಾಯಿ ಏನಂದ್ರಂತೆ ಗೊತ್ತಾ?” ನಾಗಮಣಿ ಸೆರಗು ಸರಿಪಡಿಸಿಕೊಂಡಳು. “‘ದೇವಕಿಗೆ ಸೆರೆಮನೆಯಾದ್ರೂ ಜಾಗ ಕೊಡ್ತು. ನಮ್ಮನೆ ಅದಕ್ಕಿಂತ ಕಡೆಯಾ?’ ಅಂದ್ರಂತೆ. ಈ ಮಾತು ನಮ್ಮ ಕುಪ್ಪದಲ್ಲಿ ಮಕ್ಕಳಿಗೂ ಗೊತ್ತು.”

ಹೆರಿಗೆಗೆ ಕಾಲ ಕೂಡಿಬಂದಿತ್ತು. ಗಂಡಸರು ಬಾಗಿಲಿಗೆ ಅಡ್ಡ ನಿಂತದ್ದರಿಂದ ರತ್ನಾವತಿಯಮ್ಮ ತಾವೇ ಹೊರಗೆ ಬಂದರು. ಜಗಲಿಗೆ ಜಮಖಾನೆ ಇಳಿಬಿಟ್ಟು ಮರೆಮಾಡಿ, ಲಾಟೀನಿನ ಕೊಂಡಿಗೆ ಬಾವಿಯ ಹಗ್ಗ ಕಟ್ಟಿ ಬಸುರಿಯ ಕೈಗೆ ಕೊಟ್ಟು, ಮಡಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ಬೆಳಗಿನ ಹೊತ್ತಿಗೆ ಗಾಳಿ ಅಡಗಿತು, ಮಗು ಅತ್ತಿತು. ಆಮೇಲೆ ಆ ಜಾಗದಲ್ಲಿ ಕಪ್ಪು ಚಪ್ಪಡಿ ಹಾಕಿಸಿದವರೂ ಅವರೇ. ಮೈಲಿಗೆ ಕಳೆಯಲು ಗಾರೆ ಕಿತ್ತುಹಾಕೋಣ ಎಂದ ಗಂಡಸರಿಗೆ, ಕಿತ್ತಲ್ಲಿ ಕಲ್ಲು ಹಾಕಿಸಿ ಎಂದರಂತೆ. ಕಲ್ಲು ಬಿದ್ದ ದಿನ ತಾವೇ ಮೊದಲು ಅರಿಶಿನ ಹಚ್ಚಿದರಂತೆ.

ನಾಗಮಣಿ ನಿಲ್ಲಿಸಿದಳು. ಬೀದಿಯಲ್ಲಿ ಒಂದು ಸೈಕಲ್ ರಿಕ್ಷಾ ಗಂಟೆ ಬಾರಿಸುತ್ತ ಹೋಯಿತು.

“ಭಾಳ ಮಾತಾಡಿದರಲ್ಲ,” ಎಂದರು ಆಚಾರ್ಯರು. “ಬರೇ ನಮಸ್ಕಾರಕ್ಕ ಇಷ್ಟು ಮಾತೇನು?”

ಜಯಲಕ್ಷ್ಮಿ ಕಂಬ ಹಿಡಿದು ನಿಂತಳು. ಒಂದು ಮಾತು ಸಾಕು. ಅವರಿಗೆ ತಮಿಳು ಬಾರದು, ಇವರಿಗೆ ಕನ್ನಡ ಬಾರದು. ಮಧ್ಯದ ಬಾಗಿಲು ತಾನು. ಆ ಬಾಗಿಲಿಗೆ ಅಗಳಿ ಹಾಕಿದರೆ ಯತಿಗಳೂ ಉಳಿಯುತ್ತಾರೆ, ಗಂಟೆಯೂ ಉಳಿಯುತ್ತದೆ, ಅಮೃತಶಿಲೆಯೂ ಬರುತ್ತದೆ. ನಾಗಮಣಿಯನ್ನು ನಾಳೆ ಬಾ ಎಂದು ಸಾಗಹಾಕಬಹುದು. ಕಲ್ಲಿನ ಕಡೆ ನೋಡಿದಳು. ತನ್ನ ಸೀಮಂತದ ದಿನ ನೆನಪಾಯಿತು. ಒಳಗೆ ನಡುಮನೆಯಲ್ಲಿ ಎಲ್ಲ ಮುಗಿದ ಮೇಲೆ ಅತ್ತೆ ಅವಳ ಕೈಹಿಡಿದು ಹೊರಗೆ ಕರೆತಂದು ಇದೇ ಕಲ್ಲಿನ ಮೇಲೆ ಕೂರಿಸಿದ್ದರು. “ಸ್ವಲ್ಪ ಹೊತ್ತು ಕೂತಿರು. ಇಲ್ಲಿ ಕೂತವಳ ಹೊಟ್ಟೆ ತಣ್ಣಗಿರತ್ತೆ,” ಎಂದಿದ್ದರು. ಯತಿಗಳ ಹೆಸರು ಆವತ್ತೂ ಎತ್ತಿರಲಿಲ್ಲ. ಎಂದೂ ಎತ್ತಿರಲಿಲ್ಲ. ಕುಪ್ಪದ ಹೆಂಗಸೊಬ್ಬಳು ಹಗ್ಗ ಹಿಡಿದು ಒದ್ದಾಡಿದ ಜಾಗದಲ್ಲಿ, ಅವಳ ಆಶೀರ್ವಾದವನ್ನೇ ತನ್ನ ಮಡಿಲಿಗೆ ಹಾಕಿಸಿದ್ದರು.

“ಆಚಾರ್ಯರೇ,” ಎಂದಳು ಜಯಲಕ್ಷ್ಮಿ. “ಆಗ ನಾನು ಹೇಳಿದ್ದು ಸರಿಯಿಲ್ಲ. ಈಗ ಇವರು ಹೇಳಿದ್ದು ಹೇಳ್ತೀನಿ ಕೇಳಿ.”

ಮೊದಲಿಂದ ಕೊನೆಯವರೆಗೆ ಹೇಳಿದಳು. ಜೀವಮಾನವಿಡೀ ಅಷ್ಟು ಕತೆ ಹೇಳಿದವಳು ಅಂದು ಒಂದು ಮಾತನ್ನೂ ತನ್ನ ಕಡೆಯಿಂದ ಸೇರಿಸಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಅವಳ ತಲೆ ತಾನೇ ಎತ್ತಿಕೊಂಡಿತ್ತು.

ಆಚಾರ್ಯರು ಎದ್ದರು. ಕೃಷ್ಣಾಜಿನ ಸುತ್ತಿದರು. ಮುಖ ಬಿಗಿದಿತ್ತು. “ನೀರಜಾ, ಗಂಟು ಕಟ್ಟು. ಮಠದಾಗ ಇರೋಣು.”

ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದ ನೀರಜಾಬಾಯಿ ಅಲ್ಲಾಡಲಿಲ್ಲ. “ನೀವು ಮುಂದ ನಡೀರಿ. ಬಸುರಿ ಬಾಗಿಲಿಗೆ ಬಂದಾಳ, ನಾ ಬಳಿ ಇಡಸದ ಹ್ಯಾಂಗ ಬರಲಿ? ನಿಮ್ಮ ಜಪ ಎಲ್ಲಿ ಕೂತರೂ ಆಗ್ತದ, ಈಕಿ ಹೆರಿಗಿ ನಿಮ್ಮ ಪಂಚಾಂಗ ನೋಡಿ ನಿಲ್ಲೂದಿಲ್ಲ.”

“ಅಲ್ಲ, ಯತಿಗಳ ಗಂಟಿ—”

“ಆ ಒಂದು ಕೊಂಡಿ ನೋಡೇ ನಂಗ ಸಂಶಯ ಇತ್ತು. ಉಯ್ಯಾಲಿಗೆ ಎರಡು ಬೇಕು. ಕೂಸಿಗೆ ಸೀರಿ ಜೋಳಿಗಿ ಕಟ್ಟಲಿಕ್ಕ ಒಂದು ಸಾಕು. ಹೆಂಗಸರ ಕೆಲಸ ಹೆಂಗಸರಿಗೆ ಗೊತ್ತಾಗ್ತದ, ಸರೀರಿ ಈಗ.”

ಆಚಾರ್ಯರು ಸರಿದರು. ಸೆಲ್ವಿಯನ್ನು ಕಲ್ಲಿನ ಮೇಲೆ ಕೂರಿಸಿದರು. ಬೇವಿನ ಕಡ್ಡಿ ಬಗ್ಗಿಸಿ ಮಾಡಿದ ಬಳೆ ಮೊದಲು, ಆಮೇಲೆ ಕೆಂಪು, ಹಸಿರು ಗಾಜಿನ ಬಳೆಗಳು. ಜಯಲಕ್ಷ್ಮಿ ಒಳಗಿಂದ ಗಂಧದ ಬಟ್ಟಲು ತಂದು ಸೆಲ್ವಿಯ ಕೆನ್ನೆಗೆ ಹಚ್ಚಿದಳು. ನೀರಜಾಬಾಯಿ ಧಾರವಾಡದ ಸೋಬಾನೆಯೊಂದನ್ನು ಹಾಡತೊಡಗಿದರೆ, ಕುಪ್ಪದವರು ಪದ ತಿಳಿಯದಿದ್ದರೂ ಚಪ್ಪಾಳೆ ಹಾಕಿದರು. ನಾಗಮಣಿ ತಲೆಯೆತ್ತಿ ನೋಡಿದಳು. ಆಚಾರ್ಯರು ಮಹಡಿಯ ಮೆಟ್ಟಿಲಲ್ಲಿ, ಅರ್ಧ ಹತ್ತಿ, ನಿಂತಿದ್ದರು.

“ತಂಗಿ,” ಎಂದರು ಜಯಲಕ್ಷ್ಮಿಗೆ. “ಅವರನ್ನ ಒಂದು ಕೇಳ್ರಿ. ಆ ಗಾಳಿಯಾಗ ಹುಟ್ಟಿದ ಕೂಸು... ಉಳೀತೇನು?”

ಜಯಲಕ್ಷ್ಮಿ ತಮಿಳು ಮಾಡಿದಳು. ನಾಗಮಣಿ ಗಹಗಹಿಸಿ ನಕ್ಕಳು.

“ಉಳೀದೆ ಇದ್ದಿದ್ರೆ ನಾನು ಎಲ್ಲಿಂದ ಬರ್ತಿದ್ದೆ ಸಾಮಿ? ಅದೇ ನನ್ನ ಅಮ್ಮ. ಒಂಬತ್ತು ಹೆತ್ತಳು. ಈಗಲೂ ದಂಡೇಲಿ ಕೂತು ಬಲೆ ಹೆಣೀತಾಳೆ, ನಮಗೆಲ್ಲ ಬೈತಾಳೆ. ಅವಳ ಹೆಸರು ಕೇಳಿಲ್ವಾ? ರತ್ನ. ಆ ತಾಯಿ ಹೆಸರೇ ಇಟ್ಟಿದ್ದು.”

ಜಯಲಕ್ಷ್ಮಿ ಅದನ್ನು ಕನ್ನಡಕ್ಕೆ ತಂದಳು. ತನ್ನ ಮನೆಯ ಹೆಂಗಸಿನ ಹೆಸರು ಇಷ್ಟು ವರ್ಷ ಕಡಲದಂಡೆಯಲ್ಲಿ ಬಾಳುತ್ತಿತ್ತು. ತಾನು ಅದನ್ನು ಹುಡುಕುತ್ತಿದ್ದದ್ದು ಅಮೃತಶಿಲೆಯಲ್ಲಿ.

ಆಚಾರ್ಯರು ಮೇಲೆ ಹೋದರು. ಗಂಟು ಮಾತ್ರ ಕಟ್ಟಲಿಲ್ಲ. ಮರುದಿನ ಬೆಳಿಗ್ಗೆ ಜಯಲಕ್ಷ್ಮಿ ರಂಗೋಲಿಗೆ ಬಂದಾಗ ಅವರು ಆಗಲೇ ಜಪಕ್ಕೆ ಕೂತಿದ್ದರು. ಕಲ್ಲಿನ ಮೇಲಲ್ಲ, ಪಕ್ಕದ ಕೆಂಪು ಗಾರೆಯ ಮೇಲೆ, ಕಲ್ಲಿನ ಕಡೆಗೆ ಮುಖ ಮಾಡಿ.

“ಇಲ್ಲಿ ಮನಸು ನಿಲ್ಲತ್ತಾ ಆಚಾರ್ಯರೇ?” ಎಂದು ಮೆಲ್ಲಗೆ ಕೇಳಿದಳು.

“ನಿಂತದ,” ಎಂದರು, ಕಣ್ಣು ಬಿಡದೆ. “ಹಲಗಿ ಬ್ಯಾಡ ತಂಗಿ. ನೀವ ಹೇಳ್ರಿ, ಸಾಕು.”

ಆ ರಜೆ ಮುಗಿಯುವ ಮುಂಚೆ ದಾವಣಗೆರೆಯಿಂದ ಇನ್ನೊಂದು ಸಂಸಾರ ಬಂತು. ಕಡಲಿಂದ ಬಂದು ಕಾಲಿನ ಮರಳು ತೊಳೆದುಕೊಂಡು, ಮಜ್ಜಿಗೆ ಲೋಟ ಹಿಡಿದು, ಆ ಸಂಸಾರದ ಯಜಮಾನಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಯಾರೋ ದೊಡ್ಡ ಯತಿಗಳು ಕೂತಿದ್ದ ಜಾಗ ಅಂತಲ್ಲ?”

“ಯತಿಗಳಲ್ಲ,” ಎಂದಳು ಜಯಲಕ್ಷ್ಮಿ. ತೊಲೆಯ ಕೊಂಡಿಯಲ್ಲಿ ಹಸಿರು ಸೀರೆಯ ಜೋಳಿಗೆಯೊಂದು ತೂಗುತ್ತಿತ್ತು. ಒಳಗೆ, ಕಲ್ಲಿಗೆ ಮುಟ್ಟಿಸಲೆಂದು ನಾಗಮಣಿ ಹೊತ್ತು ತಂದಿದ್ದ ಸೆಲ್ವಿಯ ಕೂಸು. ಅದು ಎಚ್ಚರಗೊಳ್ಳದ ಹಾಗೆ ಒಮ್ಮೆ ಮೆಲ್ಲಗೆ ತೂಗಿ, ಸೆರಗು ಸರಿಪಡಿಸಿಕೊಂಡು, ಅವಳು ಮೆಟ್ಟಿಲ ಮೇಲೆ ಕೂತಳು. “ಬನ್ನಿ, ಕೂತ್ಕೊಳ್ಳಿ. ನಮ್ಮನೆಯಲ್ಲಿ ರತ್ನಾವತಿಯಮ್ಮ ಅಂತ ಒಬ್ಬರಿದ್ದರು.”