ಎಣಿಸದ ಉಸಿರು

ವಾರ್ಡಿನವರು ಅವಳನ್ನು ಪಟಪಟ ಎಂದೇ ಕರೆಯುತ್ತಿದ್ದರು. ಪದವಿ ಮುಗಿಸಿ ವೈದ್ಯ ಸಹಾಯಕರ ಸ್ನಾತಕೋತ್ತರ ಕೋರ್ಸಿಗೆ ಸೇರಿದ್ದ ಈ ಹುಡುಗಿ ಹನ್ನೆರಡು ಹಾಸಿಗೆಗಳ ಬೆಳಗಿನ ತಪಾಸಣೆಯನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಸುತ್ತಿದ್ದಳು. ನಾಡಿ, ರಕ್ತದೊತ್ತಡವನ್ನು ಯಂತ್ರವೇ ತೋರಿಸುತ್ತಿತ್ತು. ಉಸಿರನ್ನು ಮಾತ್ರ ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಜೊತೆಗೆ ಕಲಿಯುತ್ತಿದ್ದವನು ಮೊದಲ ದಿನವೇ ಗುಟ್ಟು ಹೇಳಿಕೊಟ್ಟಿದ್ದ: "ಹದಿನೆಂಟು ಅಂತ ಬರ್ದುಬಿಡು. ಉಸಿರಾಡೋರಿಗೆಲ್ಲ ಅದು ಒಪ್ಪುತ್ತೆ." ಅವಳೂ ನಕ್ಕು ಹಾಗೇ ರೂಢಿ ಮಾಡಿಕೊಂಡಳು.

ಅಂದು ಆ ವಾರ್ಡಿನಲ್ಲಿ ಅವಳ ಕೊನೆಯ ದಿನ. ಸಂಜೆಯೊಳಗೆ ಡಾಕ್ಟರು ಅವಳ ತರಬೇತಿ ಪುಸ್ತಕಕ್ಕೆ ಸಹಿ ಹಾಕಿದರೆ ಕೋರ್ಸೇ ಮುಗಿದಂತೆ. ಬೆಳಿಗ್ಗೆ ಹನ್ನೆರಡು ಚಾರ್ಟುಗಳಲ್ಲೂ ಹದಿನೆಂಟು ಬರೆದು ಚಹಾ ಕುಡಿಯಲು ಹೋಗಿದ್ದಳು.

ಮಧ್ಯಾಹ್ನ ಡಾಕ್ಟರು ಬಂದಾಗ ಏಳನೇ ಹಾಸಿಗೆಯ ನಿವೃತ್ತ ಬಸ್ ಚಾಲಕರ ತುಟಿ ನೀಲಿಗಟ್ಟಿತ್ತು. ಎಣಿಸಿದರೆ ಉಸಿರು ಮೂವತ್ತನಾಲ್ಕು. ಆಮ್ಲಜನಕ ಹಾಕಿ, ಅವಸರದಲ್ಲಿ ತೀವ್ರ ನಿಗಾ ಘಟಕಕ್ಕೆ ಸಾಗಿಸಿದರು.

"ಅಪ್ಪ ಬೆಳಿಗ್ಗೆಯಿಂದ್ಲೇ ಏದುಸಿರು ಬಿಡ್ತಿದ್ರು ಡಾಕ್ಟ್ರೇ," ಎಂದಳು ಅವರನ್ನು ನೋಡಿಕೊಳ್ಳುತ್ತಿದ್ದ ಮಗಳು.

"ಬೆಳಿಗ್ಗೆ ಹದಿನೆಂಟೇ ಇತ್ತಮ್ಮ, ನೋಡಿ, ಬರ್ದಿದೆ. ಗಾಬರೀಲಿ ನಿಮಗೆ ಹಾಗನ್ನಿಸಿರಬೇಕು."

ಮಗಳು ಚಾರ್ಟು ನೋಡಿ ಸಪ್ಪಗಾದಳು. "ಇರಬಹುದು. ನಂಗೇನು ಗೊತ್ತಾಗುತ್ತೆ..."

ಪಟಪಟ ಆ ಚಾರ್ಟಿನತ್ತ ನೋಡಿದಳು. ಕಣ್ಣಾರೆ ಕಂಡ ಮಗಳು ತನ್ನ ಕಣ್ಣನ್ನೇ ನಂಬದ ಹಾಗಾಗಿದ್ದಳು, ಅದೂ ತಾನು ಬರೆದ ಒಂದು ಸುಳ್ಳಿನಿಂದ.

ಜೊತೆಗಾರ ಪಿಸುಗುಟ್ಟಿದ: "ಬಾಯಿ ಬಿಡ್ಬೇಡ. ಚಿಕಿತ್ಸೆ ಸಿಕ್ಕಿತಲ್ಲ, ಇನ್ನು ಹೇಳಿ ಯಾರಿಗೇನು ಲಾಭ? ಸುಮ್ನೆ ಮತ್ತೆ ಮೂರು ತಿಂಗಳು ಇಲ್ಲೇ ಕೊಳೀತೀಯ."

ಅವನು ಹೇಳಿದ್ದೂ ಸುಳ್ಳಲ್ಲ. ಆದರೂ ಅವಳು ಮುಂದೆ ಬಂದಳು.

"ಅವರು ಹೇಳಿದ್ದೇ ನಿಜ ಸರ್. ನಾನು ಎಣಿಸ್ಲೇ ಇಲ್ಲ."

ಡಾಕ್ಟರು ಹಿಂದಿನ ದಿನಗಳ ಹಾಳೆ ಮಗುಚಿದರು. ಹದಿನೆಂಟು, ಹದಿನೆಂಟು, ಹದಿನೆಂಟು. ಪ್ರತಿಯೊಂದರ ಕೆಳಗೂ ಅವರದೇ ಸಹಿ. ಬೈಗುಳಕ್ಕೆ ಕಾದು ತಲೆತಗ್ಗಿಸಿ ನಿಂತಿದ್ದವಳನ್ನು ಬಿಟ್ಟು ಅವರು ಮೊದಲು ಮಗಳ ಕಡೆ ತಿರುಗಿದರು.

"ತಪ್ಪು ನಮ್ಮದಮ್ಮ. ನಾನೂ ನೋಡದೆ ಸಹಿ ಹಾಕಿದ್ದೀನಿ."

"ಬೆಳಿಗ್ಗೆ ಒಂದ್ಸಲ ಅಪ್ಪನ್ನ ನೋಡಿದ್ರೆ ಸಾಕಿತ್ತು," ಎಂದು ಮಗಳು ಅತ್ತಳು.

ಮಗಳನ್ನು ತೀವ್ರ ನಿಗಾ ಘಟಕದ ಕಡೆ ಕಳಿಸಿ ಡಾಕ್ಟರು ಪಟಪಟಳ ಪುಸ್ತಕವನ್ನು ಸಹಿಯಿಲ್ಲದೆ ಹಿಂದಿರುಗಿಸಿದರು. "ಮೂರು ತಿಂಗಳು ಮತ್ತೆ ಬನ್ನಿ. ಈಗ ನೀವು ಎಂಟರಿಂದ ಹನ್ನೆರಡನೇ ಹಾಸಿಗೆವರೆಗೆ ನೋಡಿ, ಮಿಕ್ಕಿದ್ದು ನಾನು ನೋಡ್ತೀನಿ."

ಎಂಟನೇ ಹಾಸಿಗೆಯಲ್ಲೊಬ್ಬ ತಾತ ಇದ್ದರು. ಎಣಿಸುವುದು ತಿಳಿದರೆ ಉಸಿರಿನ ಗತಿ ಬದಲಾಗುತ್ತದೆಂದು, ಅವಳು ನಾಡಿ ನೋಡುವವಳಂತೆ ಅವರ ಮಣಿಕಟ್ಟು ಹಿಡಿದು, ಎದೆಯ ಏರಿಳಿತವನ್ನು ಎಣಿಸತೊಡಗಿದಳು.

"ಇದೇನಮ್ಮ, ಇವತ್ತು ಇಷ್ಟು ಹೊತ್ತು?" ಎಂದರು ತಾತ.

ಲೆಕ್ಕ ತಪ್ಪಿತು. ಅವಳು ಕೈ ಬಿಡಲಿಲ್ಲ. ಗಡಿಯಾರ ನೋಡಿ ಮತ್ತೆ ಒಂದರಿಂದ ಶುರು ಮಾಡಿದಳು.